ಕುಡಚಿ ಸೀಮೆಯ ಹಾಡಿಗೆ ಯಾವ ಸಾಫ್ಟ್‌ವೇರ್?

ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಹುಡುಗರು ಒಂದು ಹಾಡು ಮಾಡಿಸಲು ಈಗ ದೂರದ ಶಹರಕ್ಕೆ ಹೋಗಬೇಕಿಲ್ಲ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಯೂಟ್ಯೂಬಿನ ಜಾನಪದ ಹಾಡುಗಳಿಂದಲೇ ಹೆಸರಾಗಿ 2025ರಲ್ಲಿ ಬಿಗ್ ಬಾಸ್ ಮನೆಯವರೆಗೆ ಹೋದರು. ಅಂಥ ಹಾಡು ಕೇಳಿ ಬೆಳೆದ ಹುಡುಗನ ಕೈಗೆ ಹಳೆಯ ಲ್ಯಾಪ್‌ಟಾಪೊಂದು ಸಿಕ್ಕರೆ ಸಾಕು, ಬಲ್ಲವರನ್ನು ಹುಡುಕಿಕೊಂಡು ಹೋಗಿ ಕೇಳುತ್ತಾನೆ: ‘ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿರಿ ಅಣ್ಣಾ?’ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಎಫ್‌ಎಲ್ ಸ್ಟುಡಿಯೋ. ಹೆಚ್ಚಿನ ಸಲ ಅದು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಕ್ರ್ಯಾಕ್ ಪ್ರತಿ.

ಆ ಉತ್ತರದಲ್ಲಿ ಅರ್ಧ ಸತ್ಯ ಇದೆ. ಎಫ್‌ಎಲ್ ಒಳ್ಳೆಯ ಸಾಧನವೇ. ಹುಡುಗ ಮಾಡಬೇಕೆಂದಿರುವ ಹಾಡು ಎಂಥದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಸೀಮೆಯಲ್ಲಿ ಅದನ್ನು ಕೇಳಲೇಬೇಕು, ಏಕೆಂದರೆ ಇಲ್ಲಿ ಒಂದೇ ಬಗೆಯ ಸಂಗೀತವಿಲ್ಲ.

ಕುಡಚಿಯ ಸುತ್ತ ಏನೇನು ಕಿವಿಗೆ ಬೀಳುತ್ತದೆ ನೋಡಿ. ಹತ್ತಿರದ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ಕೂಡುತ್ತದೆ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಭಂಡಾರ ಹಾರುತ್ತದೆ, ಡೊಳ್ಳು ಗುಡುಗುತ್ತದೆ. ಎಲ್ಲಮ್ಮನ ಪದಕ್ಕೆ ಚೌಡಿಕೆ ಬೇಕು. ಹರದೇಶಿ–ನಾಗೇಶಿ ಮೇಳದವರು ದಪ್ಪು, ತುಂತುಣಿ ಹಿಡಿದು ರಾತ್ರಿಯೆಲ್ಲ ಸವಾಲು–ಜವಾಬಿಗೆ ನಿಲ್ಲುತ್ತಾರೆ. ಮೊಹರಂ ಬಂತೆಂದರೆ ರಿವಾಯತ್ ಪದ, ಶ್ರಾವಣದಲ್ಲಿ ಭಜನೆ, ಗಡಿಯ ಆಚೀಚೆ ಅಭಂಗ. ಕುಲಗೋಡ ತಮ್ಮಣ್ಣನ ಕೃಷ್ಣ ಪಾರಿಜಾತ ಹುಟ್ಟಿ ಬೆಳೆದ ನೆಲವೂ ದೂರದ್ದಲ್ಲ. ಇದೆಲ್ಲ ಮನುಷ್ಯರು ಎದುರುಬದುರು ಕೂತು, ಒಬ್ಬರ ಉಸಿರು ಇನ್ನೊಬ್ಬರು ಹಿಡಿದು ಕಟ್ಟುವ ಸಂಗೀತ. ಇನ್ನೊಂದು ಕಡೆ, ಗಣಪತಿ ಮೆರವಣಿಗೆಯಲ್ಲಿ, ಮದುವೆ ವರಾತದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಪೇರಿಸಿಟ್ಟ ಪೆಟ್ಟಿಗೆಗಳಿಂದ ಎದೆಗೆ ಬಡಿಯುವ ಹಾಡು. ಊರವರು ಅದನ್ನು ಡಾಲ್ಬಿ ಎನ್ನುತ್ತಾರೆ. ಅದರ ತಾಳ, ಬೇಸು, ತುತ್ತೂರಿಯಂಥ ದನಿ ಎಲ್ಲವೂ ಕಂಪ್ಯೂಟರಿನಲ್ಲೇ ಹುಟ್ಟಿದ್ದು. ಮನುಷ್ಯನದು ಗಂಟಲು ಒಂದೇ.

ಸಾಫ್ಟ್‌ವೇರುಗಳೂ ಹೀಗೇ ಎರಡು ಮನೆತನದವು. ಒಂದು ಟೇಪಿನ ಮನೆತನ. ಸ್ಟುಡಿಯೋದ ಟೇಪ್ ರೆಕಾರ್ಡರ್ ಏನು ಮಾಡುತ್ತಿತ್ತೋ ಅದನ್ನೇ ಪರದೆಯ ಮೇಲೆ ಮಾಡುವಂಥವು: ಎಡದಿಂದ ಬಲಕ್ಕೆ ಸಮಯ ಹರಿಯುತ್ತದೆ, ಒಂದರ ಕೆಳಗೊಂದು ಟ್ರ್ಯಾಕು, ಕೆಂಪು ಗುಂಡಿ ಒತ್ತಿದರೆ ದನಿ ಇಳಿಯುತ್ತದೆ. 1991ರಲ್ಲಿ ಬಂದ ಪ್ರೊ ಟೂಲ್ಸ್ ಈ ಮನೆಯ ಹಿರಿಯ. ವಿನ್‌ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಮುಂದೆ ಕಟ್ಟಿದ ರೀಪರ್, ಲಿನಕ್ಸಿನ ಆರ್ಡರ್, 2000ದಿಂದ ಪುಕ್ಕಟೆ ಸಿಗುತ್ತಿರುವ ಆಡಾಸಿಟಿ ಇದೇ ಬಳಗ. ಇನ್ನೊಂದು ಡ್ರಮ್ ಯಂತ್ರದ ಮನೆತನ. ಚೌಕಗಳ ಸಾಲಿರುತ್ತದೆ, ಯಾವ ಚೌಕ ಒತ್ತಿದಿರೋ ಅಲ್ಲಿ ಪೆಟ್ಟು ಬೀಳುತ್ತದೆ. ಹೀಗೆ ಕಟ್ಟಿದ ತುಂಡುಗಳನ್ನು ಜೋಡಿಸಿ ಹಾಡು ಮಾಡಬೇಕು. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿ 1990ರ ದಶಕದ ಕೊನೆಗೆ ಫ್ರೂಟಿಲೂಪ್ಸ್ ಎಂದು ಹೊರತಂದು, 2003ರಲ್ಲಿ ಎಫ್‌ಎಲ್ ಸ್ಟುಡಿಯೋ ಎಂದು ಹೆಸರು ಬದಲಿಸಿದ್ದು ಇಂಥದೇ. ಪುಕ್ಕಟೆಯ ಎಲ್‌ಎಂಎಂಎಸ್ ಅದರ ಜಾಡಿನದು. ಏಬಲ್‌ಟನ್ ಲೈವ್, ಕ್ಯೂಬೇಸ್, ಆ್ಯಪಲ್‌ನ ಲಾಜಿಕ್ ಇವೆಲ್ಲ ಇಂದು ಎರಡೂ ಕೆಲಸ ಮಾಡುತ್ತವೆ. ಎಫ್‌ಎಲ್ ಕೂಡ ದನಿ ಇಳಿಸುತ್ತದೆ, ರೀಪರಿನಲ್ಲೂ ತಾಳ ಕಟ್ಟಬಹುದು. ಆದರೂ ಹೊಸಬನಿಗೆ ಯಾವುದು ಸಲೀಸು, ಯಾವುದು ಕಷ್ಟ ಎಂಬುದನ್ನು ಹುಟ್ಟಿದ ಮನೆಯೇ ತೀರ್ಮಾನಿಸುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಡಾಲ್ಬಿಗೆ ಬೀಟು ಕಟ್ಟುವ ಆಸೆ ಇದ್ದವರು ಎಫ್‌ಎಲ್ ಹಿಡಿಯಲಿ. ಭಜನಾ ಮಂಡಳಿ, ಡೊಳ್ಳಿನ ಪದ, ಚೌಡಿಕೆ, ರಿವಾಯತ್ ಇಳಿಸಬೇಕೆನ್ನುವವರು ರೀಪರ್ ಹಿಡಿಯಲಿ. ಎರಡೂ ಬೇಕೆನ್ನುವವರು ಸಹ ದನಿ ಇಳಿಸುವುದನ್ನೇ ಮೊದಲು ಕಲಿಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣ ಸರಳ. ತಬಲಾ, ಢೋಲಕ್ ದನಿಗಳು ಅಂತರಜಾಲದಲ್ಲಿ ರಾಶಿ ರಾಶಿ ಸಿಗುತ್ತವೆ. ಚೌಡಿಕೆಯ ತಂತಿ ಎಳೆದು ಬಿಟ್ಟಾಗ ಬರುವ ಆ ಬಾಗು, ಬೆಂಕಿಗೆ ಕಾಯಿಸಿದ ಹಲಗಿಯ ಚಟಚಟ, ಸಂಬಾಳದ ಜೋಡಿ ದನಿ ಇವನ್ನು ಸಿದ್ಧ ಪ್ಯಾಕಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ; ಸಿಕ್ಕರೂ ಅದು ಬೇರೆಯವರ ಕೈ. ನುಡಿಸುವವರು ನಿಮ್ಮ ಓಣಿಯಲ್ಲೇ ಇದ್ದಾರೆ. ಒಂದು ಮೈಕು, ಒಂದು ಸಂಜೆ ಸಾಕು. ಆ ದನಿಗಳನ್ನು ಮುಂದೆ ಎಫ್‌ಎಲ್‌ನ ಚೌಕಕ್ಕೂ ತುಂಬಬಹುದು.

ದುಡ್ಡಿನ ಮಾತು. ರೀಪರನ್ನು 60 ದಿನ ಯಾವ ಕಟ್ಟೂ ಇಲ್ಲದೆ ಪೂರ್ತಿ ಬಳಸಿ ನೋಡಬಹುದು; ಆಮೇಲೆ ಸಣ್ಣ ಬಳಕೆದಾರರ ಲೈಸೆನ್ಸಿಗೆ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿಯ ಆಸುಪಾಸು. ಎಫ್‌ಎಲ್‌ನ ಟ್ರಯಲ್ ಪ್ರತಿಗೆ ದಿನದ ಗಡುವಿಲ್ಲ. ಹಾಡು ಕಟ್ಟಬಹುದು, ಫೈಲು ಹೊರತೆಗೆಯಬಹುದು. ಉಳಿಸಿಟ್ಟ ಪ್ರಾಜೆಕ್ಟನ್ನು ಮತ್ತೆ ತೆರೆಯಬೇಕಾದರೆ ಮಾತ್ರ ಕೊಳ್ಳಬೇಕು. ಕೂತ ಕೂಟಕ್ಕೇ ಒಂದು ಬೀಟು ಮುಗಿಸುವ ಅಭ್ಯಾಸಕ್ಕೆ ಈ ಕಟ್ಟು ಒಳ್ಳೆಯದೇ ಎನ್ನಿ. ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿಗಳೂ ಅದೇ ದುಡ್ಡಿನಲ್ಲಿ ಸಿಗುತ್ತವೆ. ಇದು ಇಮೇಜ್-ಲೈನ್ ವರ್ಷಾನುಗಟ್ಟಲೆ ಉಳಿಸಿಕೊಂಡು ಬಂದ ಮಾತು. ಕೊಳ್ಳುವಾಗ ಒಂದು ಎಚ್ಚರ: ಎಲ್ಲಕ್ಕಿಂತ ಅಗ್ಗದ ಫ್ರೂಟಿ ಆವೃತ್ತಿ ಹಾಡುವವರಿಗೆ ತಕ್ಕುದಲ್ಲ, ದನಿ ಇಳಿಸುವ ಕೆಲಸಕ್ಕೆ ಪ್ರೊಡ್ಯೂಸರ್ ಆವೃತ್ತಿ ಬೇಕು. ಆ್ಯಪಲ್ ಯಂತ್ರ ಇದ್ದವರಿಗೆ ಗರಾಜ್‌ಬ್ಯಾಂಡ್ ಪುಕ್ಕಟೆ, ಮೊದಲ ಎರಡು ವರ್ಷಕ್ಕೆ ಬೇರೇನೂ ಬೇಡ.

ಕ್ರ್ಯಾಕ್ ಪ್ರತಿಯ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ. ಅದರ ಜೊತೆ ಬರುವ ವೈರಸ್ಸು ಲ್ಯಾಪ್‌ಟಾಪಿನಲ್ಲಿರುವ ಅಪ್ಪನ ಬ್ಯಾಂಕ್ ಪಾಸ್‌ವರ್ಡಿಗೂ ಕೈ ಹಾಕೀತು. ನಡುವೆ ಎಲ್ಲೋ ಪ್ಲಗಿನ್ ಮುರಿದು ಅರ್ಧ ಹಾಡು ತೆರೆಯದೆ ಕೂರುತ್ತದೆ, ಕೇಳಲು ಕಂಪನಿ ಇರುವುದಿಲ್ಲ. ನಾಳೆ ತನ್ನ ಹಾಡನ್ನು ಯಾರೋ ಕದ್ದು ಹಾಕಿದರೆಂದು ದೂರು ಕೊಡಲು ಹೋಗುವವನು ಕದ್ದ ಸಾಧನದಲ್ಲೇ ಆ ಹಾಡು ಮಾಡಿರುವುದು ನ್ಯಾಯವೂ ಅಲ್ಲ. ಪುಕ್ಕಟೆ ದಾರಿಗಳು ಇಷ್ಟೊಂದು ಇರುವಾಗ ಅದರ ಅಗತ್ಯವೂ ಇಲ್ಲ.

ಪುಕ್ಕಟೆಗೂ ಅದರದೇ ಒಂದು ಅಪಾಯ ಇದೆ. ಕೇಕ್‌ವಾಕ್ ಎಂಬ ಹಳೆಯ, ದೊಡ್ಡ ಸಾಫ್ಟ್‌ವೇರನ್ನು 2018ರಲ್ಲಿ ಬ್ಯಾಂಡ್‌ಲ್ಯಾಬ್ ಕಂಪನಿ ಕೊಂಡು ಪುಕ್ಕಟೆ ಹಂಚಿತು. ಕೆಲವು ವರ್ಷಗಳಲ್ಲೇ ಅದನ್ನು ಬದಿಗಿಟ್ಟು ಸೋನಾರ್ ಎಂಬ ಹೆಸರಿನ ಕಡೆ ಜನರನ್ನು ತಿರುಗಿಸಿತು. ಯಜಮಾನ ಬದಲಾದರೆ ನಿಯಮ ಬದಲಾಗುತ್ತದೆ. ಆದ್ದರಿಂದ ಯಾವುದನ್ನೇ ಬಳಸಿ, ಹಾಡು ಮುಗಿದ ದಿನ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ, ಎಲ್ಲವೂ ಸೊನ್ನೆಯಿಂದ ಶುರುವಾಗುವಂತೆ ತೆಗೆದಿಡಿ. ಆ ಫೈಲುಗಳನ್ನು ಇಪ್ಪತ್ತು ವರ್ಷ ಕಳೆದ ಮೇಲೂ ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯಬಹುದು. ಜಾಗ ಎಷ್ಟು ಬೇಕು? ಸೆಕೆಂಡಿಗೆ 48,000 ಸ್ಯಾಂಪಲ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ. ಎಂಟು ಮೈಕು ಇಟ್ಟು ಒಂದು ತಾಸು ಭಜನೆ ಇಳಿಸಿದರೆ ನಾಲ್ಕು ಜಿಬಿ ಚಿಲ್ಲರೆ. ಒಂದು ಪೆನ್‌ಡ್ರೈವಿಗೆ ಇದು ಭಾರವಲ್ಲ.

ಲ್ಯಾಪ್‌ಟಾಪ್ ಇಲ್ಲದವರೇ ಹೆಚ್ಚು. ಅವರಿಗೆ ಮೊಬೈಲಿನ ಬ್ಯಾಂಡ್‌ಲ್ಯಾಬ್ ಆ್ಯಪ್ ಸಾಕಷ್ಟು ಕಲಿಸುತ್ತದೆ, ದುಡ್ಡು ಕೇಳುವುದಿಲ್ಲ. ಎಫ್‌ಎಲ್‌ಗೂ ಮೊಬೈಲ್ ಆವೃತ್ತಿ ಇದೆ. ಇಲ್ಲಿ ಹೊಸಬರು ಎಡವುವುದು ವಿಳಂಬದಲ್ಲಿ. ಹಾಡಿದ ದನಿ ಮೈಕಿನಿಂದ ಒಳಹೋಗಿ ಕಿವಿಗೆ ಮರಳಿ ಬರುವಷ್ಟರಲ್ಲಿ ತಡವಾದರೆ ಲಯ ಜಾರುತ್ತದೆ. ಕಂಪ್ಯೂಟರಿನಲ್ಲಿ ದನಿಯನ್ನು ತುಸು ಹೊತ್ತು ಕೂಡಿಟ್ಟುಕೊಳ್ಳುವ ಬಫರನ್ನು 512 ಸ್ಯಾಂಪಲಿಗೆ ಇಟ್ಟರೆ ಆ ಒಂದು ಹಂತಕ್ಕೇ ಸುಮಾರು 11 ಮಿಲಿಸೆಕೆಂಡ್ ಹೋಗುತ್ತದೆ, ನಾಲ್ಕು ಮೀಟರ್ ಆಚೆ ಕೂತವನ ತಾಳ ಕೇಳಿದಷ್ಟು. ಬಫರ್ ಇಳಿಸುತ್ತ ಹೋದರೆ ತಡವೂ ಇಳಿಯುತ್ತದೆ, ತೀರ ಇಳಿಸಿದರೆ ದನಿ ಒಡೆಯುತ್ತದೆ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡವೇ ಬೇಡ. ಅದರ ತಡ ನೂರು ಮಿಲಿಸೆಕೆಂಡನ್ನು ಸಲೀಸಾಗಿ ದಾಟುತ್ತದೆ. ನೂರು ರೂಪಾಯಿಯ ವೈರಿನ ಇಯರ್‌ಫೋನ್ ಈ ಕೆಲಸಕ್ಕೆ ಅದಕ್ಕಿಂತ ಮೇಲು.

ಇನ್ನು ತಾಳ. ಈ ಸಾಫ್ಟ್‌ವೇರುಗಳನ್ನು ತೆರೆದ ಕೂಡಲೇ ಕಾಣುವುದು ನಾಲ್ಕು ಪೆಟ್ಟಿನ ಲೆಕ್ಕ, ಹದಿನಾರು ಚೌಕ. ಎಂಟು ಮಾತ್ರೆಯ ಕೆಹರ್ವಾ, ಭಜನಿ ಠೇಕಾ ಅದರೊಳಗೆ ತಕರಾರಿಲ್ಲದೆ ಕೂರುತ್ತವೆ. ಆರು ಮಾತ್ರೆಯ ದಾದ್ರಾ ಕೂರುವುದಿಲ್ಲ. ಹೊಸಬ ಕಾರಣ ತಿಳಿಯದೆ, ದಾದ್ರಾದ ಪದವನ್ನೇ ಕೆಹರ್ವಾಕ್ಕೆ ಎಳೆದು ಹಾಡುತ್ತಾನೆ. ಡಾಲ್ಬಿಗೆ ಬಂದ ಎಷ್ಟೋ ಹಳೆಯ ಪದಗಳ ನಡಿಗೆ ಒಂದೇ ತೆರ ಆಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಪರಿಹಾರ ಕಷ್ಟದ್ದಲ್ಲ: ಎಫ್‌ಎಲ್‌ನಲ್ಲಿ ಹದಿನಾರನ್ನು ಹನ್ನೆರಡು ಇಲ್ಲವೇ ಇಪ್ಪತ್ನಾಲ್ಕು ಚೌಕ ಮಾಡಿದರೆ ದಾದ್ರಾ ಬಂತು. 2018ರ 20ನೇ ಆವೃತ್ತಿಯಿಂದ ಅಲ್ಲಿ ತಾಳದ ಅಳತೆಯನ್ನೇ ಬದಲಿಸಲು ಬರುತ್ತದೆ. ಹದಿನಾಲ್ಕು ಮಾತ್ರೆಯ ದೀಪಚಂದಿಯೂ ಹೀಗೇ ಸಾಧ್ಯ.

ಏರುವ ಲಯ ಇನ್ನೂ ಸೂಕ್ಷ್ಮ. ಭಜನೆ ನಿಧಾನ ಶುರುವಾಗಿ, ತಾಳದವರ ಕೈ ಕಾಯುತ್ತ, ಕೊನೆಗೆ ದುಪ್ಪಟ್ಟಾಗಿ ನಿಲ್ಲುತ್ತದೆ. ಅದನ್ನು ಮೆಟ್ರೊನೋಮಿನ ಟಿಕ್‌ಟಿಕ್‌ಗೆ ಕಟ್ಟಿಹಾಕಿದರೆ ಮಂಡಳಿಯವರು ಮೊದಲ ನುಡಿಗೇ ಬೇಸತ್ತು ಏಳುತ್ತಾರೆ. ಅಂಥಲ್ಲಿ ಟಿಕ್‌ಟಿಕ್ ಬಂದ್ ಮಾಡಿ, ಹಾಡಿದ ಹಾಗೇ ಇಳಿಸಿಕೊಂಡು, ಆಮೇಲೆ ಬೇಕಾದರೆ ರೀಪರಿನ ಟೆಂಪೋ ಗುರುತುಗಳನ್ನು ಹಾಡಿನ ಏರಿಕೆಗೆ ತಕ್ಕಂತೆ ಇಡಬೇಕು. ಆಗ ಪರದೆಯ ಮೇಲಿನ ತಾಳದ ಗೆರೆ ಹಾಡಿನ ಹಿಂದೆ ನಡೆಯುತ್ತದೆ.

ಸ್ವರದ ಪ್ರಶ್ನೆಗೆ ಈ ಸೀಮೆಯಲ್ಲೇ ನೂರು ವರ್ಷದ ಇತಿಹಾಸವಿದೆ. ಕುಡಚಿಯಿಂದ ರೈಲು ಹತ್ತಿ ಉಗಾರ, ಶೇಡಬಾಳ ದಾಟಿದರೆ ಮಿರಜ. ಅಲ್ಲಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಅದು. ಪಕ್ಕದ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಅಧಿಕಾರಿ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಬಗ್ಗೆ ಪುಸ್ತಕ ಬರೆದರು. ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಜೊತೆಗೂಡಿ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಶ್ರುತಿಗಳನ್ನು ಹಾಡಿ ತೋರಿಸಿದವರು ಕರೀಂ ಖಾನರು. ಹನ್ನೆರಡು ಮನೆಯ ಪೇಟಿಯಲ್ಲಿ ನಮ್ಮ ಸ್ವರ ಹಿಡಿಸುವುದಿಲ್ಲ ಎಂಬುದೇ ಅವರ ಚಿಂತೆ. ಅದೇ ಚಿಂತೆ ಮುಂದೆ ಬೆಳೆದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಆ ಬಿಗಿ ಸಡಿಲಾಗಿದ್ದು 1971ರಲ್ಲಿ.

ಇಂದಿನ ಸಾಫ್ಟ್‌ವೇರುಗಳಲ್ಲಿ ಸ್ವರ ಬರೆಯುವ ಪಿಯಾನೊ ರೋಲ್ ಆ ಹನ್ನೆರಡು ಮನೆಯ ಪೇಟಿಯೇ. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಅಂಕಿ. ಎರಡು ಅಂಕಿಯ ನಡುವಿನ ಜಾಗಕ್ಕೆ ಪಿಚ್ ಬೆಂಡ್ ಎಂಬ ಬೇರೆ ಗುಂಡಿ. ಪೇಟಿ ಬಾರಿಸಲು ಬಲ್ಲ ಹುಡುಗನಿಗೆ ಇಲ್ಲಿ ದೊಡ್ಡ ಅನುಕೂಲ ಇದೆ, ಅವನು ಅದನ್ನು ತಿಳಿದಿರುವುದಿಲ್ಲ ಅಷ್ಟೇ. ಬಿಳಿ ಒಂದು ಅಂದರೆ ಪರದೆಯ ಮೇಲಿನ ಸಿ. ಕಾಳಿ ಒಂದು ಸಿ ಶಾರ್ಪ್, ಕಾಳಿ ಎರಡು ಡಿ ಶಾರ್ಪ್, ಕಾಳಿ ಮೂರು ಎಫ್ ಶಾರ್ಪ್, ಕಾಳಿ ನಾಲ್ಕು ಜಿ ಶಾರ್ಪ್, ಕಾಳಿ ಐದು ಎ ಶಾರ್ಪ್. ಇಷ್ಟು ಬರೆದು ಗೋಡೆಗೆ ಅಂಟಿಸಿಕೊಂಡರೆ ಇಂಗ್ಲಿಷಿನ ಅರ್ಧ ಹೆದರಿಕೆ ಹೋಗುತ್ತದೆ.

ದನಿ ತಿದ್ದುವ ಆಟೊ-ಟ್ಯೂನ್ ಬಂದದ್ದು 1997ರಲ್ಲಿ. ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ಭೂಮಿಯೊಳಗಿನ ಎಣ್ಣೆ ಹುಡುಕಲು ಕಂಪನದ ಅಲೆಗಳನ್ನು ಓದುತ್ತಿದ್ದ ಎಂಜಿನಿಯರ್. ಅದನ್ನು ಬಿಗಿಯಾಗಿ ಹಾಕಿದರೆ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ, ಡಾಲ್ಬಿ ಹಾಡುಗಳಲ್ಲಿ ಅದೊಂದು ರುಚಿಯೇ ಆಗಿಬಿಟ್ಟಿದೆ. ಎಲ್ಲಮ್ಮನ ಪದ ಹಾಡುವ ಹೆಂಗಸಿನ ಗಂಟಲಿಗೆ ಅದನ್ನು ಹಾಕಬಾರದು ಎಂದು ನಾನು ಕೈ ಮುಗಿದು ಕೇಳುತ್ತೇನೆ. ಅವರ ಗಾಂಧಾರ ಯಾವ ಮನೆಯಲ್ಲೂ ಕೂರುವಂಥದ್ದಲ್ಲ. ಆ ಪದದ ಅಳಲು ಇರುವುದೇ ಆ ನಡುವಿನ ಜಾಗದಲ್ಲಿ. ತಪ್ಪಿದ ಒಂದು ಸ್ವರವನ್ನು ಮಾತ್ರ ತಿದ್ದಬೇಕಿದ್ದರೆ ರೀಪರಿನೊಳಗೇ ಇರುವ ರೀಟ್ಯೂನ್, ಎಫ್‌ಎಲ್‌ನ ನ್ಯೂಟೋನ್ ಅದಕ್ಕೆ ಸಾಕು. ಅದಕ್ಕಿಂತ ಒಳ್ಳೆಯದು, ಅವರಿಗೆ ನೀರು ಕೊಟ್ಟು ಇನ್ನೊಮ್ಮೆ ಹಾಡಿರೆಂದು ಕೇಳುವುದು.

ಕೋಣೆಯ ಮಾತನ್ನು ಸಾಫ್ಟ್‌ವೇರ್ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ಆದರೆ ಹಾಡು ಕೆಡುವುದು ಅಲ್ಲಿಯೇ. ನಮ್ಮ ಕಡೆ ಹತ್ತು ಅಡಿಗೆ ಹನ್ನೆರಡು ಅಡಿಯ ಸಿಮೆಂಟು ಕೋಣೆಯೇ ಸ್ಟುಡಿಯೋ. ಗೋಡೆಗೆ ಮನೆಯ ಕೌದಿಗಳನ್ನು ಇಳಿಬಿಟ್ಟರೆ ಚಪ್ಪಾಳೆ ಹೊಡೆದಾಗ ಬರುವ ಗಂಯ್‌ಗುಡುವಿಕೆ ಚೆನ್ನಾಗಿ ಇಳಿಯುತ್ತದೆ. ಗೋಡೆಯಿಂದ ಗೇಣಷ್ಟು ಬಿಟ್ಟು ಕಟ್ಟಿದರೆ ಇನ್ನೂ ಒಳ್ಳೆಯದು. ಬೇಸನ್ನು ಕೌದಿ ತಡೆಯುವುದಿಲ್ಲ. ಅಷ್ಟಗಲದ ಕೋಣೆಯಲ್ಲಿ ಸುಮಾರು 47 ಮತ್ತು 57 ಹರ್ಟ್ಸ್‌ನ ಅಲೆಗಳು ಗೋಡೆ ಗೋಡೆಗೆ ಬಡಿದು ಉಬ್ಬುತ್ತವೆ, ಡಾಲ್ಬಿಯ ಕಿಕ್ ಇರುವುದೂ ಅಲ್ಲಿಯೇ. ಹೀಗಾಗಿ ಕೋಣೆಯಲ್ಲಿ ಕೂತು ಬೇಸು ಹೆಚ್ಚಾಯಿತೆಂದು ಇಳಿಸಿದ ಹಾಡು ಮೈದಾನದಲ್ಲಿ ತೆಳ್ಳಗಾಗುತ್ತದೆ, ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು ಏರಿಸಿದ್ದು ಮೆರವಣಿಗೆಯಲ್ಲಿ ಎಲ್ಲವನ್ನೂ ನುಂಗುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಈ ತಗ್ಗಿನ ದನಿ ಕೇಳಿಸುವುದೇ ಇಲ್ಲ, ನಮ್ಮ ಹಾಡನ್ನು ಹೆಚ್ಚು ಜನ ಕೇಳುವುದು ಅದರಲ್ಲೇ. ಹೆಡ್‌ಫೋನು, ಮೊಬೈಲು, ಗೆಳೆಯನ ಟ್ರ್ಯಾಕ್ಟರಿನ ಟೇಪು, ಮೂರರಲ್ಲೂ ಕೇಳಿ ತೂಗಿದ ಮೇಲೆ ಹಾಡು ಬಿಡಿ. ಗಟ್ಟಿ ಮಾಡುವ ಪೈಪೋಟಿಗೂ ಬೀಳಬೇಡಿ; ತೀರ ಗಟ್ಟಿ ಮಾಡಿದ ಹಾಡನ್ನು ಯೂಟ್ಯೂಬ್ ತಾನೇ ತಗ್ಗಿಸಿ ಎಲ್ಲರ ಸಮಕ್ಕೆ ತರುತ್ತದೆ. ಆಗ ಹಲಗಿಯ ಪೆಟ್ಟಿನ ಮೊನಚು ಹೋದದ್ದೇ ನಷ್ಟ.

ಹಲಗಿ ಇಳಿಸುವಾಗ ಮೈಕನ್ನು ಚರ್ಮದ ಹತ್ತಿರ ಒಯ್ಯುವ ಆಸೆ ಎಲ್ಲರಿಗೂ ಆಗುತ್ತದೆ. ಮೂರ್ನಾಲ್ಕು ಅಡಿ ದೂರ ಇಡಿ. ಅತಿ ಜೋರಿನ ಪೆಟ್ಟೂ ಮೀಟರಿನಲ್ಲಿ ಸೊನ್ನೆಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಾಡಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಕೂಡಿಸುವ ಸಾಫ್ಟ್‌ವೇರ್ ಭರವಸೆಯದ್ದಲ್ಲ.

ಕಲಿಯುವ ಕ್ರಮ ಹೇಗೆ? ಒಂದೇ ಸಾಫ್ಟ್‌ವೇರನ್ನು ಒಂದು ವರ್ಷ ಬಿಡದೆ ಹಿಡಿಯಬೇಕು. ಮೊದಲು ಒಂದು ಗಂಟಲು, ಒಂದು ಪೇಟಿ ಇಳಿಸಿ ಎರಡರ ತೂಕ ಸರಿಮಾಡಲು ಕಲಿಯಬೇಕು. ಆಮೇಲೆ ಬೇಡದ ತಗ್ಗಿನ ಗುಂಯ್ ಕತ್ತರಿಸುವ ಈಕ್ಯೂ, ಆಮೇಲೆ ಏರುಪೇರು ಹತೋಟಿಗೆ ತರುವ ಕಂಪ್ರೆಸರ್. ಪ್ರತಿಧ್ವನಿ ಕೊನೆಗೆ. ಹೊಸಬರು ಇದನ್ನು ತಲೆಕೆಳಗು ಮಾಡಿ, ಮೊದಲ ದಿನವೇ ಗುಡಿಯಷ್ಟು ಪ್ರತಿಧ್ವನಿ ಸುರಿದು ಹಾಡಿನ ಮಾತು ಮುಳುಗಿಸುತ್ತಾರೆ. ತನಗೆ ಇಷ್ಟವಾದ ಒಂದು ಹಾಡನ್ನು ಸಾಫ್ಟ್‌ವೇರಿನಲ್ಲಿ ತೆರೆದು, ತಾಳ ಎಲ್ಲಿ ಬಂತು, ಕೊಳಲು ಎಲ್ಲಿ ಬಿಟ್ಟಿತು, ಎಷ್ಟು ಮಾತ್ರೆಗೆ ಪಲ್ಲವಿ ತಿರುಗಿತು ಎಂದು ಗುರುತು ಹಾಕುತ್ತ ಹೋಗುವುದು ನನ್ನ ಮಟ್ಟಿಗೆ ಅತ್ಯುತ್ತಮ ಪಾಠ. ಗಂಧರ್ವ ಮಹಾವಿದ್ಯಾಲಯದ ಪರೀಕ್ಷೆಗೆ ಕೂತ ಮಕ್ಕಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ತಾಳ, ಸ್ವರ ಗೊತ್ತಿರುವ ಅವರು ಆರು ತಿಂಗಳಲ್ಲಿ ಕಲಿಯುವುದನ್ನು ಬರೀ ಗುಂಡಿ ಒತ್ತಲು ಕಲಿತವನು ಮೂರು ವರ್ಷದಲ್ಲೂ ಕಲಿಯಲಾರ.

ಹಕ್ಕಿನ ವಿಷಯವನ್ನು ಮೊದಲ ಹಾಡಿನಿಂದಲೇ ಬರೆದಿಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪದ ಬರೆದವನ ಹಕ್ಕು ಅವನ ಆಯುಷ್ಯದ ನಂತರವೂ 60 ವರ್ಷ ನಡೆಯುತ್ತದೆ. ಪರಂಪರೆಯ ಪದ ಯಾರ ಸ್ವತ್ತೂ ಅಲ್ಲ, ಆದರೆ ಅದನ್ನು ನೀವು ಇಳಿಸಿದ ರೆಕಾರ್ಡಿಂಗಿಗೆ ಹಕ್ಕು ಇದೆ, ಹಾಡಿದವರಿಗೂ ಪಾಲಿರಬೇಕು. ಡೊಳ್ಳಿನವರು ಯಾರು, ಚೌಡಿಕೆ ಯಾರದು, ಅವರಿಗೆ ಎಷ್ಟು ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಸಹಿ ಹಾಕಿಸಿಕೊಂಡು, ವಿಡಿಯೋದ ಕೆಳಗೆ ಹೆಸರು ಹಾಕಿ. ಚೌಡಿಕೆಯಮ್ಮನ ಹೆಸರಿಲ್ಲದೆ ಅವರ ದನಿ ಲಕ್ಷ ಮಂದಿಗೆ ಮುಟ್ಟುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಭಾಷೆಯ ಅಡ್ಡಿಯೊಂದು ಉಳಿಯಿತು. ಮೆನು ಇಂಗ್ಲಿಷು, ಒಳ್ಳೆಯ ಪಾಠಗಳು ಇಂಗ್ಲಿಷು ಹಿಂದಿ. ಕನ್ನಡದಲ್ಲಿ ಪಾಠ ಹೇಳುವವರು ಈಗೀಗ ಬರುತ್ತಿದ್ದಾರೆ. ರೀಪರಿನಲ್ಲಿ ಇದಕ್ಕೊಂದು ಬಾಗಿಲು ತೆರೆದೇ ಇದೆ: ಮೆನುವಿನ ಮಾತುಗಳೆಲ್ಲ ಒಂದು ಸಾದಾ ಪಠ್ಯ ಫೈಲಿನಲ್ಲಿರುತ್ತವೆ, ಯಾರು ಬೇಕಾದರೂ ತಮ್ಮ ಭಾಷೆಯಲ್ಲಿ ಬರೆದು ಸೇರಿಸಬಹುದು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಾಗಲಿ ನಾಲ್ಕು ವಿದ್ಯಾರ್ಥಿಗಳನ್ನು ಒಂದು ಬೇಸಿಗೆ ಕೂರಿಸಿದರೆ ಆ ಫೈಲು ಸಿದ್ಧವಾದೀತು. ಅದರ ಜೊತೆಗೇ ಡೊಳ್ಳು, ಹಲಗಿ, ಸಂಬಾಳ, ಚೌಡಿಕೆ, ತುಂತುಣಿಗಳ ಒಂದೊಂದು ಪೆಟ್ಟನ್ನೂ ಶುದ್ಧವಾಗಿ ಇಳಿಸಿ, ನುಡಿಸಿದವರ ಹೆಸರು ಹಾಕಿ, ಹೊಸಬರಿಗೆ ಪುಕ್ಕಟೆ ಕೊಡಬಹುದು. ಅಲ್ಲಿಯತನಕ ಕುಡಚಿಯ ಹುಡುಗ ತನ್ನ ಓಣಿಯ ಹಲಗಿಯವರನ್ನು ಮನೆಗೆ ಕರೆದು ಮೊದಲ ಫೈಲನ್ನು ತಾನೇ ಇಳಿಸಿಕೊಳ್ಳಲಿ. ರೀಪರಿನ ಅರವತ್ತು ದಿನ ಅದಕ್ಕೆ ಧಾರಾಳ.